ಮೀಸಲು ಚಿಕ್ಕೋಡಿಯ ಹನ್ನೊಂದು ಚುನಾವಣೆಗಳು

ಊರೊಂದು ಅಳಿದರೆ ಹಾಳುಗೋಡೆಯಾದರೂ ಉಳಿಯುತ್ತದೆ. ಮತಕ್ಷೇತ್ರವೊಂದು ಅಳಿದರೆ ರಾಜಪತ್ರದ ಪುಟವನ್ನುಳಿದು ಬೇರೆ ಕುರುಹಿರದು. ಅದರಲ್ಲಿಯೂ ಹೊಸ ಕ್ಷೇತ್ರವು ಹಳೆಯದರ ಹೆಸರನ್ನೇ ಧರಿಸಿ ನಿಂತಾಗ, ಹಳೆಯದೊಂದು ಇದ್ದಿತೆಂಬ ಅರಿವೇ ಜನಮನದಿಂದ ಮರೆಯಾಗುತ್ತದೆ. 1967ರಿಂದ 2008ರ ಪುನರ್ವಿಂಗಡಣೆಯವರೆಗೆ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದು, ಹನ್ನೊಂದು ಸಾರ್ವತ್ರಿಕ ಚುನಾವಣೆಗಳಲ್ಲಿ ಮೂವರನ್ನು ಮಾತ್ರ ದಿಲ್ಲಿಗೆ ಕಳುಹಿದ ಚಿಕ್ಕೋಡಿ ಲೋಕಸಭಾ ಕ್ಷೇತ್ರಕ್ಕೆ ಒದಗಿದ ಗತಿ ಇದೇ.

ಈ ಸೀಮೆಯ ಭೂಭಾಗಗಳು ಒಂದೇ ಆಳ್ವಿಕೆಯಲ್ಲಿ ಬೆಳೆದವಲ್ಲ. ದೇಸಾಯರ ನಿಪ್ಪಾಣಿ 1839ರಲ್ಲಿ ಕಂಪನಿ ಸರಕಾರದ ವಶವಾಯಿತು. ರಾಯಬಾಗವು 1949ರಲ್ಲಿ ಸಂಸ್ಥಾನವು ವಿಲೀನವಾಗುವ ಪರ್ಯಂತ ಕೊಲ್ಲಾಪುರದ ಛತ್ರಪತಿಗಳದಾಗಿತ್ತು. 1952ರ ಪ್ರಥಮ ಚುನಾವಣೆಯ ಕಾಲಕ್ಕೆ ಚಿಕ್ಕೋಡಿಯ ಹೆಸರಿನ ಲೋಕಸಭಾ ಕ್ಷೇತ್ರವೇ ಇರಲಿಲ್ಲ. ಮುಂಬಯಿ ರಾಜ್ಯಕ್ಕೆ ಸೇರಿದ್ದ ಬೆಳಗಾವಿಯ ಹೆಸರಿನಲ್ಲಿ ಉತ್ತರ, ದಕ್ಷಿಣ ಎಂಬ ಎರಡು ಕ್ಷೇತ್ರಗಳಿದ್ದು, ಉತ್ತರದಿಂದ ಆರಿಸಿಬಂದ ಬಿ. ಎನ್. ದಾತಾರರು ನೆಹರೂ ಸರಕಾರದ ಗೃಹಖಾತೆಯಲ್ಲಿ ಮಂತ್ರಿಯಾಗಿ ದುಡಿದರು.

ರಾಜ್ಯ ಪುನರ್ವಿಂಗಡಣೆಯಾಗಿ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದ ಕೆಲವೇ ತಿಂಗಳಲ್ಲಿ, ಅಂದರೆ 1957ರಲ್ಲಿ, ಹೊಸದಾಗಿ ಹುಟ್ಟಿದ ಚಿಕ್ಕೋಡಿ ಕ್ಷೇತ್ರವು ಇನ್ನೂ ಮೀಸಲಾಗಿರದೆ ಸಾಮಾನ್ಯ ಕ್ಷೇತ್ರವಾಗಿಯೇ ಇದ್ದಾಗ, ಅಂಬೇಡ್ಕರರ ಪರಿಶಿಷ್ಟ ಜಾತಿಗಳ ಫೆಡರೇಷನ್ನಿನ ಅಭ್ಯರ್ಥಿ ಡಿ. ಎ. ಕಟ್ಟಿಯವರು ಅಲ್ಲಿ ಜಯಶಾಲಿಗಳಾದರು. ಇಪ್ಪತ್ತಾರು ಸ್ಥಾನಗಳ ಮೈಸೂರು ರಾಜ್ಯದಲ್ಲಿ ಬಹುತೇಕ ಎಲ್ಲೆಡೆ ಕಾಂಗ್ರೆಸ್ಸೇ ಗೆದ್ದಿದ್ದ ವರ್ಷವದು. ಅಂಬೇಡ್ಕರರು ನಿಧನರಾಗಿ ಇನ್ನೂ ಅರ್ಧ ವರ್ಷವೂ ಆಗಿರಲಿಲ್ಲ. ಅವರು 1925ರಷ್ಟು ಹಿಂದೆಯೇ ನಿಪ್ಪಾಣಿಯಲ್ಲಿ ಅಸ್ಪೃಶ್ಯ ವರ್ಗಗಳ ಪ್ರಾಂತಿಕ ಪರಿಷತ್ತನ್ನು ನಡೆಸಿದ್ದರಾಗಿ ಈ ಸೀಮೆಯಲ್ಲಿ ಅವರ ಚಳವಳಿಗೆ ಆಳವಾದ ಬೇರಿತ್ತೆಂಬುದು ನಿಜ. ಆದರೆ ಸಾಮಾನ್ಯ ಕ್ಷೇತ್ರದ ಗೆಲುವಿಗೆ ಅಷ್ಟೇ ಸಾಲದು. ಫೆಡರೇಷನ್ ಆಗ ಸಂಯುಕ್ತ ಮಹಾರಾಷ್ಟ್ರ ಸಮಿತಿಯ ಅಂಗಪಕ್ಷವಾಗಿದ್ದುದರಿಂದ, ಹೊಸ ಗಡಿಗೆ ಮುನಿದ ಮರಾಠಿ ಮತಗಳೂ ಅದರತ್ತ ಹರಿದವೆಂದೇ ನನ್ನ ಊಹೆ. ನಿಪ್ಪಾಣಿಯ ಮುನಿಸು ಮುಂದೆಯೂ ಆರಲಿಲ್ಲ. ಆ ಪಟ್ಟಣವನ್ನು ಮಹಾರಾಷ್ಟ್ರಕ್ಕೆ ಕೊಡಬಹುದೆಂದು 1967ರಲ್ಲಿ ಗಡಿವಿವಾದದ ಮಹಾಜನ ಆಯೋಗವು ಮಾಡಿದ ಶಿಫಾರಸು ಎಂದಿಗೂ ಜಾರಿಗೆ ಬರಲಿಲ್ಲ. 1962ರಲ್ಲಿ ಕಾಂಗ್ರೆಸ್ಸಿನ ವಸಂತರಾವ್ ಲಖಗೌಡ ಪಾಟೀಲರು ಗೆದ್ದರು. ಮುಂದಿನ ಚುನಾವಣೆಯ ಹೊತ್ತಿಗೆ ಕ್ಷೇತ್ರವು ಮೀಸಲಾಗಿತ್ತು.

1967ರಿಂದ 1991ರವರೆಗಿನ ಏಳೂ ಚುನಾವಣೆಗಳಲ್ಲಿ ಗೆದ್ದವರು ಒಬ್ಬರೇ: ಕಾಂಗ್ರೆಸ್ಸಿನ ಬಿ. ಶಂಕರಾನಂದರು. ವೃತ್ತಿಯಿಂದ ವಕೀಲರು, ಜನ್ಮತಃ ಇದೇ ಸೀಮೆಯ ಕಣಗಲಾದವರು. 1977ರಲ್ಲಿ ಉತ್ತರ ಭಾರತದ ತುಂಬ ಇಂದಿರಾ ವಿರೋಧಿ ಗಾಳಿ ಬೀಸಿದಾಗಲೂ, ಇಪ್ಪತ್ತೆಂಟರಲ್ಲಿ ಇಪ್ಪತ್ತಾರು ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟ ಕರ್ನಾಟಕದಲ್ಲಿ ಅವರ ಸ್ಥಾನಕ್ಕೆ ಧಕ್ಕೆಯೊದಗಲಿಲ್ಲ. 1980ರಲ್ಲಿ ಆರೋಗ್ಯ, ಬಳಿಕ ಜಲಸಂಪನ್ಮೂಲ, ನ್ಯಾಯ, ಪೆಟ್ರೋಲಿಯಂ ಎಂದು ಖಾತೆಯ ಮೇಲೆ ಖಾತೆ ಅವರಿಗೆ ದೊರೆಯಿತು. ಬೊಫೋರ್ಸ್ ಪ್ರಕರಣದ ಜಂಟಿ ಸಂಸದೀಯ ಸಮಿತಿಗೆ ಅಧ್ಯಕ್ಷರಾಗಿ 1988ರಲ್ಲಿ ಅವರು ಸಲ್ಲಿಸಿದ ವರದಿಯನ್ನು ವಿರೋಧ ಪಕ್ಷಗಳು ಕಣ್ಣೊರೆಸುವ ತಂತ್ರವೆಂದು ಹಳಿದುವು. 1983ರ ರಾಷ್ಟ್ರೀಯ ಆರೋಗ್ಯ ನೀತಿಯು ರೂಪುಗೊಂಡುದು ಅವರ ಕಾಲದಲ್ಲಿ; ಆರೋಗ್ಯ ಖಾತೆಯ ಅಧೀನದ ಹಿಂದೂಸ್ತಾನ್ ಲೇಟೆಕ್ಸ್ ಕಂಪನಿಯ ಕಾರ್ಖಾನೆಯೊಂದು ಕಣಗಲಾಕ್ಕೆ ಬಂದುದೂ ಆ ದಶಕದಲ್ಲಿಯೇ. ದೇಶದ ಆರೋಗ್ಯ ಮಂತ್ರಿಗೆ ಮತ ಕೊಟ್ಟ ನಿಪ್ಪಾಣಿಯು ಬದುಕುತ್ತಿದ್ದುದು ಬೀಡಿ ತಂಬಾಕಿನ ಮೇಲೆ ಎಂಬುದನ್ನು ನೆನೆದರೆ ನಗೆಯೇ ಬರುತ್ತದೆ. ಆದರೆ ಅದೇ ತಂಬಾಕಿನ ಬೆಲೆಗಾಗಿ 1981ರಲ್ಲಿ ಶರದ ಜೋಶಿಯವರ ನೇತೃತ್ವದಲ್ಲಿ ಹೆದ್ದಾರಿಯ ಮೇಲೆ ಕುಳಿತ ರೈತರ ಮೇಲೆ ಗೋಲಿಬಾರ್ ನಡೆದು ಹಲವರು ಪ್ರಾಣ ತೆತ್ತರೆಂಬುದನ್ನು ನೆನೆದರೆ ಆ ನಗೆ ಉಳಿಯದು. ಹೀಗಿದ್ದೂ 1984ರಲ್ಲಿ ಶಂಕರಾನಂದರು ಮತ್ತೆ ಗೆದ್ದರು.

ಇಷ್ಟು ದೀರ್ಘಕಾಲದ ನಿಶ್ಚಿಂತೆಗೆ ಕಾರಣವನ್ನು ಅವರ ವ್ಯಕ್ತಿತ್ವದಲ್ಲಿ ಮಾತ್ರ ಅರಸುವುದು ಸಲ್ಲದು. ಕೃಷ್ಣಾ, ದೂಧಗಂಗಾ, ಹಿರಣ್ಯಕೇಶಿಗಳ ನೀರುಂಡು ಕಬ್ಬು ಬೆಳೆದ ಈ ನಾಡಿನ ಪ್ರಬಲ ಮನೆತನಗಳಿಗೆ ದಿಲ್ಲಿಯ ದಾರಿ ಮೀಸಲಾತಿಯಿಂದ ಮುಚ್ಚಿತ್ತು. ಅವರ ಹಣಾಹಣಿಯೆಲ್ಲ ವಿಧಾನಸಭೆಗೂ ಸಂಕೇಶ್ವರ, ಚಿಕ್ಕೋಡಿಗಳ ಸಹಕಾರಿ ಸಕ್ಕರೆ ಕಾರ್ಖಾನೆಗಳ ಆಡಳಿತ ಮಂಡಳಿಗಳಿಗೂ ಸೀಮಿತವಾಗಿತ್ತು. ತಮಗೆ ದೊರೆಯದ ಸ್ಥಾನದಲ್ಲಿ ತಮಗೆ ಎದುರಾಡದ ಸಜ್ಜನರೊಬ್ಬರು ಕುಳಿತಿದ್ದರೆ ಅವರಿಗೇನು ಅಡ್ಡಿ? ಮೀಸಲಾತಿಯು ಸ್ಥಾನವನ್ನು ಕೊಟ್ಟಿತು. ಕಟ್ಟಿಯವರ ಬೆನ್ನಿಗಿದ್ದಂಥ ಸ್ವತಂತ್ರ ದಲಿತ ಸಂಘಟನೆಯನ್ನು ಕೊಡುವುದು ಅದರಿಂದಾಗಲಿಲ್ಲ.

1996ರಲ್ಲಿ ಜನತಾದಳದ ರತ್ನಮಾಲಾ ಸವಣೂರ ಅವರು ಆ ಆಳ್ವಿಕೆಯನ್ನು ಮುರಿದು ಕೇಂದ್ರದಲ್ಲಿ ರಾಜ್ಯಮಂತ್ರಿಯೂ ಆದರು. ಬಳಿಕ ವಿಜಾಪುರದ ಕಡೆಯಿಂದ ಬಂದ ರಮೇಶ ಜಿಗಜಿಣಗಿಯವರು 1998ರಲ್ಲಿ ಲೋಕಶಕ್ತಿಯಿಂದ, 1999ರಲ್ಲಿ ಸಂಯುಕ್ತ ಜನತಾದಳದಿಂದ, 2004ರಲ್ಲಿ ಭಾಜಪದಿಂದ ಗೆದ್ದರು: ಮೂರು ಚುನಾವಣೆ, ಮೂರು ಚಿಹ್ನೆ, ಒಬ್ಬನೇ ಅಭ್ಯರ್ಥಿ. ಪಕ್ಷನಿಷ್ಠೆಯ ಬಗೆಗೆ ಉಪದೇಶ ಮಾಡುವವರು ಈ ಮತದಾರರನ್ನೊಮ್ಮೆ ಕಂಡುಬರಬೇಕು.

2008ರ ಪುನರ್ವಿಂಗಡಣೆಯಲ್ಲಿ ಸದಲಗಾ ವಿಧಾನಸಭಾ ಕ್ಷೇತ್ರವು ಚಿಕ್ಕೋಡಿಯದರೊಡನೆ ಕೂಡಿತು, ಸಂಕೇಶ್ವರದ್ದು ಇಲ್ಲವಾಯಿತು, ಕುಡಚಿ, ಯಮಕನಮರಡಿಗಳು ಹೊಸದಾಗಿ ಮೂಡಿದುವು. ಲೋಕಸಭೆಯ ಮೀಸಲಾತಿಯು ತೆರವಾದೊಡನೆ ಮನೆತನಗಳ ಹಣಾಹಣಿ ದಿಲ್ಲಿಯವರೆಗೂ ಚಾಚಿತು. 2009ರಲ್ಲಿ ರಮೇಶ ಕತ್ತಿ, 2014ರಲ್ಲಿ ಅವರನ್ನು ಬರಿಯ 3,003 ಮತಗಳಿಂದ ಸೋಲಿಸಿದ ಪ್ರಕಾಶ ಹುಕ್ಕೇರಿ, 2019ರಲ್ಲಿ ಅಣ್ಣಾಸಾಹೇಬ ಜೊಲ್ಲೆ, 2024ರಲ್ಲಿ ಪ್ರಿಯಾಂಕಾ ಜಾರಕಿಹೊಳಿ. ಕೊನೆಯವರು ಪರಿಶಿಷ್ಟ ಪಂಗಡದವರಾಗಿಯೂ ಸಾಮಾನ್ಯ ಕ್ಷೇತ್ರದಲ್ಲಿ 90,834 ಮತಗಳ ಅಂತರದಿಂದ ಗೆದ್ದವರು. ಆದರೆ ಅವರ ಹಿಂದೆಯೂ ಮಂತ್ರಿಯಾದ ತಂದೆಯ ಬಲವಿತ್ತು. ಇತ್ತ ಚಿಕ್ಕೋಡಿಯ ಮೀಸಲಾತಿ ಅಳಿದ ಪುನರ್ವಿಂಗಡಣೆಯಲ್ಲಿಯೇ ವಿಜಾಪುರವು ಮೀಸಲಾಯಿತು. ಜಿಗಜಿಣಗಿಯವರು ತಮ್ಮ ಜಿಲ್ಲೆಗೆ ಮರಳಿ 2009ರಲ್ಲಿ ಅಲ್ಲಿಂದ ಗೆದ್ದರು, ಮುಂದಿನ ಮೂರು ಚುನಾವಣೆಗಳಲ್ಲಿಯೂ ಅಲ್ಲಿಂದಲೇ ಗೆದ್ದರು.