ಯುದ್ಧ ರಾಜರದು, ಪೂಜೆ ಕಾಳಿಗೆ: ಆತಕೂರಿನ ಕಲ್ಲು

ಯುದ್ಧ ಸ್ಮಾರಕ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ದೆಹಲಿಯ ಇಂಡಿಯಾ ಗೇಟ್. ಎತ್ತರದ ಕಮಾನು, ಗೋಡೆ ತುಂಬ ಸೈನಿಕರ ಹೆಸರು. ಆದರೆ ಅದಕ್ಕಿಂತ ಸಾವಿರ ವರ್ಷ ಮೊದಲೇ ನಮ್ಮ ಹಳ್ಳಿಗಳು ತಮ್ಮದೇ ಯುದ್ಧ ಸ್ಮಾರಕಗಳನ್ನು ನಿಲ್ಲಿಸಿಕೊಂಡಿದ್ದವು. ಅವು ಇವತ್ತಿಗೂ ಕೆರೆ ಏರಿಯ ಮೇಲೆ, ಗುಡಿಯ ಮುಂದೆ, ಊರ ಬಾಗಿಲಲ್ಲಿ ನಿಂತಿವೆ. ನಾವು ಅವನ್ನು ವೀರಗಲ್ಲು ಅನ್ನುತ್ತೇವೆ, ಸ್ಮಾರಕ ಅಂತ ಕರೆಯುವ ರೂಢಿ ಇಲ್ಲ, ಅಷ್ಟೇ.

ಅಂಥ ಸಾವಿರಾರು ಕಲ್ಲುಗಳಲ್ಲಿ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಿನ ಕತೆಯೇ ಬೇರೆ. ದಕ್ಷಿಣ ಭಾರತದ ಒಂದು ದೊಡ್ಡ ಯುದ್ಧದ ಸುದ್ದಿ ಅದರ ಮೇಲಿದೆ. ಆದರೆ ಕಲ್ಲಿನಲ್ಲಿ ಕೆತ್ತಿರುವುದು ರಾಜನನ್ನಲ್ಲ, ಸೇನಾಪತಿಯನ್ನೂ ಅಲ್ಲ. ಒಂದು ನಾಯಿಯನ್ನು. ಅದರ ಹೆಸರು ಕಾಳಿ.

ಮೊದಲು ಯುದ್ಧದ ವಿಷಯ. ಹತ್ತನೇ ಶತಮಾನದ ನಡುಭಾಗದಲ್ಲಿ ಮಾನ್ಯಖೇಟದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದ ರಾಷ್ಟ್ರಕೂಟರಿಗೂ ತಂಜಾವೂರಿನ ಚೋಳರಿಗೂ ತಮಿಳು ಸೀಮೆಯ ಉತ್ತರಭಾಗಕ್ಕಾಗಿ ಜಗಳವಿತ್ತು. ರಾಷ್ಟ್ರಕೂಟರ ಮೂರನೇ ಕೃಷ್ಣನ ಜೊತೆ ನಿಂತವನು ತಲಕಾಡಿನ ಗಂಗರ ಇಮ್ಮಡಿ ಬೂತುಗ. ಕೃಷ್ಣನ ಅಕ್ಕ ರೇವಕನಿಮ್ಮಡಿಯನ್ನು ಮದುವೆಯಾಗಿದ್ದ ಬೂತುಗ ಅವನಿಗೆ ಭಾವನೂ ಹೌದು, ಸಾಮಂತನೂ ಹೌದು. ಎದುರಿಗಿದ್ದವನು ಚೋಳ ಪರಾಂತಕನ ಮಗ ರಾಜಾದಿತ್ಯ. ಈಗ ತಮಿಳುನಾಡಿನ ರಾಣಿಪೇಟೆ ಜಿಲ್ಲೆಯಲ್ಲಿರುವ ತಕ್ಕೋಲದಲ್ಲಿ 949ರಲ್ಲಿ ಎರಡೂ ಸೈನ್ಯಗಳು ಕೈಕೈ ಮಿಲಾಯಿಸಿದವು. ಆನೆಯ ಮೇಲಿದ್ದ ರಾಜಾದಿತ್ಯ ಅಲ್ಲೇ ಸತ್ತ.

ಅವನು ಹೇಗೆ ಸತ್ತ ಎಂಬುದಕ್ಕೆ ಎರಡು ಮಾತಿವೆ. ಚೋಳರ ಲೈಡನ್ ತಾಮ್ರಪಟಗಳ ಪ್ರಕಾರ ಕೃಷ್ಣನ ಬಾಣಗಳು ಎದೆಗೆ ನಾಟಿ ಸತ್ತ. ಆತಕೂರಿನ ಕಲ್ಲಿನ ಪ್ರಕಾರ ಬೂತುಗನೇ ಅಂಬಾರಿಯನ್ನು ರಣರಂಗ ಮಾಡಿಕೊಂಡು ಕಠಾರಿಯಿಂದ ಇರಿದು ಕೊಂದ. ಸೋತವರು ತಮ್ಮವನು ದೊಡ್ಡ ರಾಜನ ಕೈಯಲ್ಲೇ ಸತ್ತ ಅಂದರು, ಗೆದ್ದ ಸಾಮಂತನ ಕಡೆಯವರು ಗೆಲುವನ್ನು ತಮ್ಮ ಒಡೆಯನಿಗೆ ಕೊಟ್ಟರು. ಒಂದೇ ಸಾವಿನ ಎರಡು ವರದಿ. ಸುದ್ದಿ ಬರೆಯುವ ನಮಗೆ ಇದು ಹೊಸದೇನಲ್ಲ.

ಈ ಯುದ್ಧದಲ್ಲಿ ಬೂತುಗನ ಕಡೆ ಕಾದಾಡಿದ ಒಬ್ಬ ಬಂಟ ಸಗರವಂಶದ ಮಣಲೇರ. ಅವನ ಪರಾಕ್ರಮಕ್ಕೆ ಒಡೆಯ ಮೆಚ್ಚಿ, ಏನು ಬೇಕೋ ಕೇಳು ಅಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ನಾಯಿ ಸಿಕ್ಕಿತು. ಮುಂದೆ ಕೆಳಲೆ ನಾಡಿನ ಬೆಳ್ತೂರಿನ ಗುಡ್ಡದಲ್ಲಿ ಒಂದು ಭಾರಿ ಹಂದಿಯ ಮೇಲೆ ಅದನ್ನು ಬಿಟ್ಟರು. ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಸತ್ತವು. ಆ ನಾಯಿಯ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಈ ಕಲ್ಲು ನಿಂತಿತು. ಶಕವರ್ಷ 872, ಸೌಮ್ಯ ಸಂವತ್ಸರ ಎಂದು ಕಾಲವನ್ನೂ ನಮೂದಿಸಿದ್ದಾರೆ.

ಕಲ್ಲಿನ ವಿನ್ಯಾಸವನ್ನು ಗಮನಿಸಬೇಕು. ನಾವು ಸಾಮಾನ್ಯವಾಗಿ ನೋಡುವ ವೀರಗಲ್ಲಿನಲ್ಲಿ ಮೂರು ಅಂತಸ್ತು ಇರುತ್ತದೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ: ಕುದುರೆ, ಬಿಲ್ಲು, ಕತ್ತಿ, ಕೆಲವು ಕಡೆ ತುರುಗೋಳಿನ ದನಗಳು. ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಕೈಲಾಸ, ಲಿಂಗದ ಮುಂದೆ ವೀರ ಕೈಮುಗಿದು ಕೂತಿರುತ್ತಾನೆ. ತಲೆಯ ಮೇಲೆ ಸೂರ್ಯ ಚಂದ್ರ. ಅಕ್ಷರ ಬಾರದ ಒಕ್ಕಲಿಗನೂ ಈ ಕಲ್ಲನ್ನು ಓದಬಲ್ಲ. ಇವನು ಹೀಗೆ ಹೋರಾಡಿದ, ಸತ್ತ, ಅಲ್ಲಿಗೆ ಸೇರಿದ.

ಆತಕೂರಿನ ಕಲ್ಲಿನಲ್ಲಿ ಅಪ್ಸರೆಯರಿಲ್ಲ, ಕೈಲಾಸವೂ ಇಲ್ಲ. ಇರುವುದು ಒಂದೇ ಚಿತ್ರ: ದೊಡ್ಡ ಹಂದಿ, ಅದರ ಮೇಲೆ ಬಿದ್ದಿರುವ ನಾಯಿ. ಸುತ್ತಲೂ ಹಳಗನ್ನಡ ಅಕ್ಷರ. ಆ ಅಕ್ಷರಗಳಲ್ಲಿ ಕೃಷ್ಣ ಇದ್ದಾನೆ, ರಾಜಾದಿತ್ಯ ಇದ್ದಾನೆ, ಬೂತುಗ ತನ್ನವನೇ ಆದ ರಾಚಮಲ್ಲನನ್ನು ಕೊಂದು ಗಂಗವಾಡಿಯನ್ನು ಆಳಿದ ಸಂಗತಿಯೂ ಇದೆ. ಯುದ್ಧದ ಲಾಭದ ಲೆಕ್ಕವೂ ಇದೆ. ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಸಿಕ್ಕಿತು. ಮಣಲೇರನಿಗೆ ಆತುಕೂರು 12 ಮತ್ತು ಬೆಳ್ವೊಲದ ಒಂದು ಊರು ಬಾಳ್ಗಚ್ಚಾಗಿ ಸಿಕ್ಕಿತು. ಬಾಳ್ಗಚ್ಚು ಅಂದರೆ ಬಾಳನ್ನು, ಅಂದರೆ ಕತ್ತಿಯನ್ನು ತೊಳೆದು ಕೊಡುವ ದತ್ತಿ. ಕಾದಿ ಗೆದ್ದು ಬಂದ ಬಂಟನಿಗೆ ಸಲ್ಲುತ್ತಿದ್ದ ಗೌರವ ಅದು.

ತಕ್ಕೋಲದಲ್ಲಿ ಸತ್ತ ಸಾಮಾನ್ಯ ಕಾಲಾಳುಗಳ ಹೆಸರು ಮಾತ್ರ ಈ ಕಲ್ಲಿನಲ್ಲಿಲ್ಲ. ಆನೆ ತುಳಿದವರು, ಬಾಣ ತಗುಲಿದವರು, ಮಾವುತರು, ಯಾರೂ ಇಲ್ಲ. ನಾಯಿಗೆ ಸಿಕ್ಕ ಜಾಗ ಅವರಿಗೆ ಸಿಗಲಿಲ್ಲ. ಇದನ್ನು ಓದಿ ಕೆಲವರಿಗೆ ನಗು ಬರಬಹುದು, ಕೆಲವರಿಗೆ ಸಿಟ್ಟು. ನಮಗೆ ಎರಡೂ ಬಂದಿವೆ. ಸ್ಮಾರಕ ಎಷ್ಟು ಜನ ಸತ್ತರು ಎಂಬ ಲೆಕ್ಕದ ಮೇಲೆ ಏಳುವುದಿಲ್ಲ. ಸತ್ತವರ ಪರವಾಗಿ ಕಲ್ಲು ನಿಲ್ಲಿಸುವ ಶಕ್ತಿ ಯಾರಿಗಿದೆ ಎಂಬುದರ ಮೇಲೆ ಏಳುತ್ತದೆ. ಕಾಳಿಗೆ ಮಣಲೇರ ಇದ್ದ.

ಆದರೂ ಈ ಕಲ್ಲಿನಿಂದ ಕಲಿಯಬೇಕಾದ ಒಂದು ವಿಷಯವಿದೆ. ಅದು ಇರುವುದು ಯುದ್ಧದ ಭಾಗದಲ್ಲಲ್ಲ, ಶಾಸನದ ದತ್ತಿಯ ಭಾಗದಲ್ಲಿ. ಮಣಲೇರ ಕಲ್ಲು ನೆಟ್ಟು ಮನೆಗೆ ಹೋಗಲಿಲ್ಲ. ಊರ ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು, ಅಂದರೆ ನೀರು ಸಿಗುವ ಒಳ್ಳೆಯ ಗದ್ದೆಯನ್ನು ಬಿಟ್ಟುಕೊಟ್ಟ. ಆ ಮಣ್ಣನ್ನು ಒಕ್ಕಲು ಕೆಡಿಸಿದರೂ, ನಾಡನ್ನು ಆಳುವವನು ಕೆಡಿಸಿದರೂ, ಊರನ್ನು ಆಳುವವನು ಕೆಡಿಸಿದರೂ ನಾಯಿಯ ಪಾಪ ತಟ್ಟುತ್ತದೆ ಎಂದು ಬರೆಸಿದ. ಗುಡಿಯ ಗೊರವ ಈ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ಅವನಿಗೂ ಅದೇ ಪಾಪ.

ಇದನ್ನು ಇವತ್ತಿನ ಮಾತಿನಲ್ಲಿ ಹೇಳುವುದಾದರೆ, ಸ್ಮಾರಕ ಕಟ್ಟುವ ದಿನವೇ ಅದರ ನಿರ್ವಹಣೆಗೆ ಹಣ ಎತ್ತಿಟ್ಟ, ಜವಾಬ್ದಾರಿ ಯಾರದು ಅಂತ ಗೊತ್ತುಮಾಡಿದ, ತಪ್ಪಿದರೆ ಏನು ಅಂತಲೂ ಬರೆದಿಟ್ಟ. ಪೂಜೆಯ ಲೆಕ್ಕ ವರ್ಷಕ್ಕೊಂದು ಸಲ ಅಲ್ಲ, ಪ್ರತಿ ಊಟಕ್ಕೂ. ನೆನಪನ್ನು ಒಬ್ಬ ಮನುಷ್ಯನ ಹಸಿವಿಗೆ ಕಟ್ಟಿಹಾಕಿದ. ಸೈನಿಕರ ವೀರಗಲ್ಲುಗಳ ಜೊತೆಗೂ ಇಂಥ ಏರ್ಪಾಡು ಇರುತ್ತಿತ್ತು. ಸತ್ತವನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ಕಲ್ನಾಡು, ನೆತ್ತರುಗೊಡಗೆ ಎಂಬ ಹೆಸರುಗಳೇ ಇದ್ದವು. ಕಲ್ಲು ಮತ್ತು ಗದ್ದೆ ಸೇರಿದರೆ ಮಾತ್ರ ಸ್ಮಾರಕ ಪೂರ್ತಿ ಎಂಬ ತಿಳಿವಳಿಕೆ ಅದು.

ಗದ್ದೆ ಕೈತಪ್ಪಿದ ಮೇಲೆ ಕಲ್ಲಿಗೆ ಏನಾಯಿತು ಎಂಬುದನ್ನು ನಮ್ಮ ಊರುಗಳಲ್ಲೇ ನೋಡಬಹುದು. ವೀರಗಲ್ಲು ಕೆಲವು ಕಡೆ ಬಟ್ಟೆ ಒಗೆಯುವ ಕಲ್ಲಾಗಿದೆ, ಕೆಲವು ಕಡೆ ಚರಂಡಿಯ ಮೇಲಿನ ಹಾಸುಗಲ್ಲಾಗಿದೆ. ಕೆಲವು ಕಡೆ ಹೆಸರು ಮರೆತ ದೇವರಾಗಿ ಅರಿಶಿನ ಕುಂಕುಮ ಬಳಿಸಿಕೊಂಡು, ಎಣ್ಣೆಯ ಜಿಡ್ಡಿನಲ್ಲಿ ಅಕ್ಷರ ಮುಚ್ಚಿಕೊಂಡು ಕೂತಿದೆ. ರಸ್ತೆ ಅಗಲ ಮಾಡುವಾಗ ಜೆಸಿಬಿ ಬಾಯಿಗೆ ಸಿಕ್ಕಿದ್ದೂ ಉಂಟು.

ಆತಕೂರಿನ ಕಲ್ಲು ಅಂಥ ಗತಿಯಿಂದ ಪಾರಾಗಿದೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಮಂಡ್ಯ 41ನೇ ಶಾಸನವಾಗಿ ಅದು ಅಚ್ಚಾಯಿತು. ಜೆ.ಎಫ್. ಫ್ಲೀಟ್ ಅದನ್ನು ಓದಿ ವಿವರಿಸಿದರು. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಬೇಗೂರಿನ ಒಂದು ವೀರಗಲ್ಲು ಕೂಡ ಅದೇ ಸಂಗ್ರಹದಲ್ಲಿದೆ. ಕಲ್ಲು ಉಳಿಯಿತು, ಅಕ್ಷರ ಉಳಿಯಿತು. ಇದಕ್ಕಾಗಿ ನಾವು ಋಣಿಗಳಾಗಿರಬೇಕು. ಆದರೆ ಊರು, ಗುಡಿ, ಕೆರೆ, ಗದ್ದೆ, ಗೊರವ ಎಲ್ಲವನ್ನೂ ಸೇರಿಸಿ ಮಣಲೇರ ಕಟ್ಟಿದ್ದ ಸ್ಮಾರಕದಲ್ಲಿ ಅಲ್ಲಿಗೆ ಹೋಗಿರುವುದು ಕಲ್ಲು ಮಾತ್ರ.

ಈ ಮಾತನ್ನು ಈಗ ಎತ್ತುವುದಕ್ಕೆ ಕಾರಣವಿದೆ. ಸ್ಮಾರಕ ಕಟ್ಟುವ ಕೆಲಸ ನಮ್ಮ ಊರುಗಳಲ್ಲಿ ನಿಂತಿಲ್ಲ. 2019ರ ಪುಲ್ವಾಮಾ ದಾಳಿಯಲ್ಲಿ ಮಡಿದವರಲ್ಲಿ ಇದೇ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಯೋಧರೂ ಒಬ್ಬರು. ಒಬ್ಬ ಯೋಧ ಮಡಿದ ಸುದ್ದಿ ಬಂದ ದಿನ ನಾವೆಲ್ಲ ಕ್ಯಾಮೆರಾ ಹಿಡಿದು ಓಡುತ್ತೇವೆ. ಜನ ಸೇರುತ್ತಾರೆ, ನಾಯಕರು ಬರುತ್ತಾರೆ, ಸ್ಮಾರಕದ ಭರವಸೆ ಬರುತ್ತದೆ. ನಮ್ಮ ವರದಿ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಕಟ್ಟೆಯ ಮೇಲಿನ ಹುಲ್ಲು ಕೀಳುವವರು ಯಾರು, ದೀಪದ ಖರ್ಚು ಯಾವ ಲೆಕ್ಕದಿಂದ, ಮಡಿದವರ ತಾಯಿಗೆ, ಹೆಂಡತಿಗೆ ಹೇಳಿದ ಜಮೀನು ಖಾತೆಯಾಯಿತೇ ಎಂಬ ಪ್ರಶ್ನೆಗಳನ್ನು ಪಂಚಾಯಿತಿಗೂ ತಾಲ್ಲೂಕು ಕಚೇರಿಗೂ ಕೇಳುವುದು ನಮ್ಮದೇ ಕೆಲಸ. ಒಂದು ನಾಯಿಯ ಕಲ್ಲಿಗೆ ಇದ್ದಷ್ಟು ವ್ಯವಸ್ಥೆ ಒಬ್ಬ ಸೈನಿಕನ ಕಲ್ಲಿಗೆ ಇದೆಯೇ ಎಂದು ಕೇಳಿದರೆ ತಪ್ಪೇನೂ ಇಲ್ಲ.

ಹಳೆಯ ಕಲ್ಲುಗಳಿಗೆ ನಾವು ಮಾಡಬಹುದಾದ್ದು ಇನ್ನೂ ಸುಲಭ. ನಿಮ್ಮ ಊರಿನಲ್ಲಿ ವೀರಗಲ್ಲು ಕಂಡರೆ ಬಣ್ಣ ಹಚ್ಚಲು ಬಿಡಬೇಡಿ, ಕಿತ್ತು ಬೇರೆ ಕಡೆ ನೆಡಲು ಬಿಡಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೊ ತೆಗೆಯಿರಿ, ಸವೆದ ಅಕ್ಷರವೂ ಆಗ ಎದ್ದು ಕಾಣುತ್ತದೆ. ಸರ್ವೆ ನಂಬರ್ ಬರೆದಿಟ್ಟುಕೊಳ್ಳಿ. ಪುರಾತತ್ವ ಇಲಾಖೆಗೆ ತಿಳಿಸಿ. ಊರಿನ ಶಾಲೆಯ ಮಕ್ಕಳಿಗೆ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಹೇಗೆಂದು ಒಮ್ಮೆ ತೋರಿಸಿಕೊಡಿ. ಕೆರೆ ಕೆಳಗಿನ ಗದ್ದೆ ಬಿಟ್ಟುಕೊಡುವ ಶಕ್ತಿ ನಮ್ಮಲ್ಲಿ ಹೆಚ್ಚಿನವರಿಗಿಲ್ಲ. ಇಷ್ಟು ಮಾತ್ರ ಯಾರಾದರೂ ಮಾಡಬಹುದು.