ಬಿಸಿಲ್ಗುದುರೆಯೂ ಲ್ಯಾಂಬ್ಟನ್ ಸಾಹೇಬರ ದುರ್ಬೀನೂ

ಭಾನುವಾರ ಬೆಳಗ್ಗೆ ನನ್ನ ದನಿ ಕೇಳುತ್ತೀರಿ, ತಿಂಗಳಿಗೊಮ್ಮೆ ಈ ಪುಟದಲ್ಲಿ ನನ್ನ ಅಕ್ಷರ ಓದುತ್ತೀರಿ. ದನಿಯಲ್ಲಿ ಹೇಳಲು ಸಮಯ ಸಾಲದ್ದನ್ನು ಇಲ್ಲಿ ಬರೆದು ತೀರಿಸಿಕೊಳ್ಳುವುದು ನನ್ನ ಹಳೇ ಚಾಳಿ. ಈ ಸಲದ ಕತೆ ಶುರುವಾಗಿದ್ದು ವಾಡಿಯಿಂದ ಬಂದ ಒಂದು ಫೋನ್ ಕರೆಯಿಂದ. ವಾಡಿ ಎಂದ ಕೂಡಲೇ ಕಲಬುರಗಿ ಕಡೆಯವರ ಕಿವಿ ನೆಟ್ಟಗಾಗುತ್ತದೆ ಎಂದು ಗೊತ್ತು. ಇದು ನಿಮ್ಮ ವಾಡಿ ಜಂಕ್ಷನ್ ಅಲ್ಲ. ನಾಗಪುರದ ಅಮರಾವತಿ ರಸ್ತೆಯಲ್ಲಿ, ಅಂಬಾಝರಿ ಆರ್ಡ್ನೆನ್ಸ್ ಫ್ಯಾಕ್ಟರಿಯ ಮಗ್ಗುಲಲ್ಲಿರುವ ವಾಡಿ.

ಕರೆ ಮಾಡಿದವರು ನಿವೃತ್ತರು, ಧಾರವಾಡದ ಕಡೆಯವರು. ಮಗಳು ರೈಫಲ್ ಶೂಟಿಂಗ್ ಕಲಿಯುತ್ತಿದ್ದಾಳೆ, 300 ಮೀಟರ್ ದೂರದ ಗುರಿ. ಗುಂಡು ಎಲ್ಲಿ ಬಿತ್ತೆಂದು ನೋಡಲು ಅಪ್ಪ ಒಂದು ಸ್ಪಾಟಿಂಗ್ ಸ್ಕೋಪ್, ಅಂದರೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸುವ ದುರ್ಬೀನು, ಕೊಂಡಿದ್ದಾರೆ. 20ರಿಂದ 60 ಪಟ್ಟು ದೊಡ್ಡದು ಮಾಡಿ ತೋರಿಸುವ ಐಪೀಸ್ ಅದಕ್ಕಿದೆ. "ತಂಗೀ, 60ಕ್ಕ ತಿರುವಿದ್ರ ಬರೇ ನೀರು ಅಲ್ಲಾಡಿದಂಗ ಕಾಣತೈತಿ. ತೂತು ಕಾಣವಲ್ದು. ಇನ್ನೂ ದೊಡ್ಡ ಐಪೀಸ್ ತರ್‍ಲೇನು?" ಎಂದರು. ಪೆನ್ಶನ್ ದುಡ್ಡಿನ ಮಾತು ಅದು. ನಾನೋ ಕನ್ನಡ ಬಿ.ಎ. ಓದಿದವಳು. ಎರಡು ವಾರ ಕಾಲಾವಕಾಶ ಕೇಳಿ ಪುಸ್ತಕಗಳ ಹಿಂದೆ ಬಿದ್ದೆ. ಉತ್ತರ ಸಿಕ್ಕಿತು. ಆದರೆ ಅದು ಸಿಕ್ಕಿದ್ದು ಇನ್ನೂರು ವರ್ಷ ಹಿಂದೆ, ನಮ್ಮ ಬೆಂಗಳೂರಿನಲ್ಲಿ!

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಮಡಿದ. ಆ ಯುದ್ಧದಲ್ಲಿದ್ದ ಇಂಗ್ಲಿಷ್ ಸೈನ್ಯದ ಅಧಿಕಾರಿಗಳಲ್ಲಿ ವಿಲಿಯಂ ಲ್ಯಾಂಬ್ಟನ್ ಒಬ್ಬ. ಮಾತು ಕಡಿಮೆ, ಲೆಕ್ಕ ಜಾಸ್ತಿ. ಯುದ್ಧದ ಒಂದು ಕತ್ತಲ ರಾತ್ರಿ, ತಮ್ಮ ದಂಡು ಉತ್ತರಕ್ಕೆ ಹೋಗುವ ಬದಲು ದಕ್ಷಿಣಕ್ಕೆ, ಟಿಪ್ಪುವಿನ ಪಡೆಯತ್ತಲೇ ನಡೆಯುತ್ತಿದೆ ಎಂಬುದನ್ನು ನಕ್ಷತ್ರ ನೋಡಿಯೇ ಹೇಳಿದವನು. ಯುದ್ಧ ಮುಗಿದ ಮೇಲೆ ಅವನು ಒಂದು ಯೋಜನೆ ಮುಂದಿಟ್ಟ. ಮೈಸೂರು ಸೀಮೆಯ ಮೂಲಕ ಪೂರ್ವದ ಕಡಲಿನಿಂದ ಪಶ್ಚಿಮದ ಕಡಲಿಗೆ ತ್ರಿಕೋನಗಳ ಸರಪಳಿ ಹಾಕಿ ನೆಲವನ್ನು ಕರಾರುವಾಕ್ಕಾಗಿ ಅಳೆಯುವುದು. ನೆಲದ ಮೇಲೆ ಒಂದೇ ಒಂದು ಗೆರೆಯನ್ನು ಕೈಯಾರೆ ಅಳೆದರೆ ಸಾಕು. ಉಳಿದದ್ದೆಲ್ಲ ದುರ್ಬೀನಿನಲ್ಲಿ ನೋಡಿ, ಕೋನ ಅಳೆದು, ಲೆಕ್ಕ ಹಾಕುವುದು. ಮುಂದೆ ಇಡೀ ಭಾರತವನ್ನು ವ್ಯಾಪಿಸಿದ ಮಹಾ ತ್ರಿಕೋನಮಿತಿ ಸರ್ವೆಯ ಬೀಜ ಇದೇ.

ಆ ಮೊದಲ ಗೆರೆಯನ್ನು ಅಳೆದದ್ದು ಬೆಂಗಳೂರಿನ ಬಳಿ, 1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಉದ್ದ ಸುಮಾರು ಏಳೂವರೆ ಮೈಲಿ. ಅಳೆಯಲು ಬಳಸಿದ 100 ಅಡಿಯ ಉಕ್ಕಿನ ಸರಪಳಿ ಚೀನಾದ ಚಕ್ರವರ್ತಿಗೆ ಉಡುಗೊರೆಯಾಗಿ ಹೋಗಿ, ಅಲ್ಲಿ ಬೇಡವಾಗಿ, ಕಲ್ಕತ್ತೆಗೆ ಬಂದದ್ದು. ಅದನ್ನು ಮಾಡಿದವನು ಲಂಡನ್ನಿನ ಜೆಸ್ಸಿ ರಾಮ್ಸ್‌ಡೆನ್. ನಮ್ಮ ವಾಡಿಯ ಯಜಮಾನರ ಪ್ರಶ್ನೆಗೂ ಇವನಿಗೂ ಹತ್ತಿರದ ನಂಟು. ಎರಡು ಮಸೂರಗಳ ರಾಮ್ಸ್‌ಡೆನ್ ಐಪೀಸ್ ಇವನ ಹೆಸರಿನದೇ. ಅದಕ್ಕಿಂತ ಹಿಂದಿನ ಹೈಗೆನ್ಸ್ ಐಪೀಸಿನಲ್ಲಿ ಬಿಂಬ ಎರಡು ಮಸೂರಗಳ ನಡುವೆ ಮೂಡುತ್ತಿತ್ತು. ರಾಮ್ಸ್‌ಡೆನ್ ಐಪೀಸಿನಲ್ಲಿ ಅದು ಮಸೂರಗಳ ಹೊರಗೇ ಮೂಡುತ್ತದೆ. ಹಾಗಾಗಿ ಅಲ್ಲೇ ತೆಳು ಎಳೆಗಳನ್ನು ಅಡ್ಡಡ್ಡ ಕಟ್ಟಿ ಗುರಿಯನ್ನು ಅಳೆಯುವುದು ಸುಲಭ. ರಾಮ್ಸ್‌ಡೆನ್ ತೀರಿಕೊಂಡದ್ದು 1800ರ ನವೆಂಬರ್ 5ರಂದು. ಅಂದು ಅವನ ಸರಪಳಿ ಬೆಂಗಳೂರಿನ ಬಯಲಿನಲ್ಲಿ ದುಡಿಯುತ್ತಿತ್ತು.

ಲ್ಯಾಂಬ್ಟನ್‌ನ ದೊಡ್ಡ ಥಿಯೋಡಲೈಟ್ ಬಂದದ್ದು ಆಮೇಲೆ. ವಿಲಿಯಂ ಕ್ಯಾರಿ ಎಂಬುವನು ಮಾಡಿದ ಆ ಯಂತ್ರದ ತೂಕ ಅರ್ಧ ಟನ್. ಹಡಗಿನಲ್ಲಿ ಬರುವಾಗ ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್‌ಗೆ ಹೋಗಿ, ಅಲ್ಲಿಂದ ಅವರೇ ಮರ್ಯಾದೆಯಾಗಿ ಮದ್ರಾಸಿಗೆ ಕಳಿಸಿಕೊಟ್ಟರು. 1802ರ ಏಪ್ರಿಲ್‌ನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಕೆಲಸ ಹೊಸದಾಗಿ ಶುರುವಾಯಿತು. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಇದನ್ನು ಎಳೆಯುವಾಗ ಹಗ್ಗ ಹರಿದು ಯಂತ್ರ ಗೋಡೆಗೆ ಬಡಿಯಿತು, ಅದರ ಚಕ್ರವೇ ಸೊಟ್ಟಗಾಯಿತು. ಇನ್ನೊಬ್ಬರಾಗಿದ್ದರೆ ಕೈಚೆಲ್ಲುತ್ತಿದ್ದರು. ಈ ಮನುಷ್ಯ ಆರು ವಾರ ಕೂತು ತಾನೇ ಸರಿಮಾಡಿದ.

ಸರಿ, ಯಂತ್ರ ಒಳ್ಳೆಯದು, ಮಸೂರವೂ ಒಳ್ಳೆಯದು. ಆದರೂ ಸರ್ವೆಯವರನ್ನು ಕಾಡಿದ್ದು ಏನು ಗೊತ್ತೇ? ಗಾಳಿ. ಬೆಟ್ಟದ ತುದಿಯಿಂದ ಇನ್ನೊಂದು ಬೆಟ್ಟದ ಬಾವುಟ ನೋಡಬೇಕು. ಬೆಳಗಿನ ಹೊತ್ತು ನೆಟ್ಟಗಿದ್ದ ಬಾವುಟ ಮಧ್ಯಾಹ್ನಕ್ಕೆ ಕುಣಿಯತೊಡಗುತ್ತದೆ. ಬಿಸಿಲಿಗೆ ಕಾದ ನೆಲದಿಂದ ಬಿಸಿ ಗಾಳಿ ಏಳುತ್ತದೆ, ತಣ್ಣನೆಯ ಗಾಳಿ ಇಳಿಯುತ್ತದೆ, ಬೆಳಕು ಅದರ ನಡುವೆ ಬಾಗುತ್ತಾ ಬರುತ್ತದೆ. ನಮ್ಮ ಹಿರಿಯರು ಇದಕ್ಕೆ ಬಿಸಿಲ್ಗುದುರೆ ಎಂದು ಎಂಥ ಚೆಂದದ ಹೆಸರಿಟ್ಟಿದ್ದಾರೆ ನೋಡಿ! ದುರ್ಬೀನು ಬಾವುಟವನ್ನು ದೊಡ್ಡದು ಮಾಡುವಾಗ ಈ ಕುದುರೆಯನ್ನೂ ಅಷ್ಟೇ ದೊಡ್ಡದು ಮಾಡುತ್ತದೆ. ಗಾಜಿಗೆ ಎರಡರ ಭೇದ ತಿಳಿಯದು.

ಲ್ಯಾಂಬ್ಟನ್‌ನ ಸಹಾಯಕನಾಗಿ 1818ರಲ್ಲಿ ಸೇರಿದ ಜಾರ್ಜ್ ಎವರೆಸ್ಟ್ ಇದಕ್ಕೊಂದು ದಾರಿ ಹುಡುಕಿದ. ಹೆಚ್ಚು ಶಕ್ತಿಯ ಗಾಜು ತರಿಸಿದನೇ? ಇಲ್ಲ, ನೋಡುವ ಹೊತ್ತನ್ನೇ ಬದಲಿಸಿದ. ಬಾವುಟದ ಬದಲು ರಾತ್ರಿ ದೀಪ ಹಚ್ಚಿಸಿದ, ಹಗಲಿಗೆ ಸೂರ್ಯನ ಬೆಳಕನ್ನು ಕನ್ನಡಿಯಿಂದ ಹಾಯಿಸುವ ಹೀಲಿಯೋಟ್ರೋಪ್ ತಂದ. ರಾತ್ರಿಯ ತಂಪಿನಲ್ಲಿ ಬೆಳಕು ಬಾಗುವ ರೀತಿಯೇ ಬೇರೆ. ಹಗಲಲ್ಲಿ ದಿಗಂತದಾಚೆ ಅಡಗಿದ ಠಾಣೆ ಕೂಡ ರಾತ್ರಿ ಮೇಲೆದ್ದು ಕಾಣುತ್ತದೆ.

ಈಗ ವಾಡಿಯ ಯಜಮಾನರಿಗೆ ನಾನು ಹೇಳಿದ್ದನ್ನು ನಿಮಗೂ ಹೇಳಿಬಿಡುತ್ತೇನೆ. ಲೆಕ್ಕ ಸುಲಭ. 300 ಮೀಟರ್ ದೂರದ್ದನ್ನು 20 ಪಟ್ಟಿನಲ್ಲಿ ನೋಡಿದರೆ 15 ಮೀಟರ್ ದೂರದಿಂದ ಬರಿಗಣ್ಣಲ್ಲಿ ನೋಡಿದಂತೆ. 30 ಪಟ್ಟಿಗೆ 10 ಮೀಟರ್, 60 ಪಟ್ಟಿಗೆ 5 ಮೀಟರ್. ಏಳೂವರೆ ಮಿಲಿಮೀಟರಿನಷ್ಟಿರುವ ಗುಂಡಿನ ತೂತನ್ನು ಗುರುತಿಸಲು, ಗಾಳಿ ತಿಳಿಯಾಗಿದ್ದರೆ, 30ರಿಂದ 40 ಪಟ್ಟು ಸಾಕಾದೀತು. ಗಾಳಿ ಕುದಿಯುತ್ತಿದ್ದರೆ 60 ಪಟ್ಟಾದರೂ ವ್ಯರ್ಥ.

ಬೆಳಕಿನ ಲೆಕ್ಕವೂ ಇದೆ. ಮುಂದಿನ ಮಸೂರದ ಅಗಲವನ್ನು ಪಟ್ಟಿನಿಂದ ಭಾಗಿಸಿ. 80 ಮಿಲಿಮೀಟರ್ ಮಸೂರಕ್ಕೆ 20 ಪಟ್ಟಿನಲ್ಲಿ 4 ಮಿಲಿಮೀಟರ್ ಅಗಲದ ಬೆಳಕಿನ ಕಂಬ ಕಣ್ಣಿಗೆ ಬರುತ್ತದೆ, 60 ಪಟ್ಟಿನಲ್ಲಿ 1.3 ಮಾತ್ರ. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ 2ರಿಂದ 3 ಮಿಲಿಮೀಟರ್ ತೆರೆದಿರುತ್ತದೆ. ಅಂದಮೇಲೆ 60ರಲ್ಲಿ ಚಿತ್ರ ಮಂಕಾಗುವುದು ಗಾಜಿನ ದೋಷವಲ್ಲ, ಲೆಕ್ಕದ ಫಲ. ಕನ್ನಡಕ ಹಾಕುವವರು ಇನ್ನೊಂದು ವಿಷಯ ನೋಡಬೇಕು. ಐಪೀಸಿನಿಂದ ಸುಮಾರು 15ರಿಂದ 20 ಮಿಲಿಮೀಟರ್ ದೂರದಲ್ಲಿ ಕಣ್ಣಿಟ್ಟರೂ ಪೂರ್ತಿ ಚಿತ್ರ ಕಾಣುವಂತಿರಬೇಕು. ಪಟ್ಟು ತಿರುಗಿಸುವ ಐಪೀಸಿಗಿಂತ, 25 ಅಥವಾ 30ಕ್ಕೆ ನಿಂತ ಅಗಲ ನೋಟದ ಐಪೀಸ್ ಎಷ್ಟೋ ಸಲ ಕಣ್ಣಿಗೆ ಹಿತ.

ಕೊನೆಯದೊಂದು ಗುಟ್ಟು. ಬಿಸಿಲ್ಗುದುರೆ ಶತ್ರುವೂ ಹೌದು, ಗೆಳೆಯನೂ ಹೌದು. ದುರ್ಬೀನನ್ನು ಗುರಿಗಿಂತ ಸ್ವಲ್ಪ ಈಚೆಗೆ ಫೋಕಸ್ ಮಾಡಿ ನೋಡಿದರೆ ಅಲೆಗಳು ಯಾವ ಕಡೆ ಹರಿಯುತ್ತಿವೆ ಎಂದು ಕಾಣುತ್ತದೆ. ಗಾಳಿ ಬೀಸುತ್ತಿರುವುದು ಆ ಕಡೆಗೇ. ಅಲೆಗಳು ನೇರ ಮೇಲಕ್ಕೆ ಕುದಿಯುತ್ತಿದ್ದರೆ ಅಡ್ಡಗಾಳಿ ಇಲ್ಲ. ಅನುಭವಿ ಶೂಟರ್‌ಗಳು ಗುರಿಯ ಜೊತೆಗೆ ಈ ಅಲೆಗಳನ್ನೂ ಓದುತ್ತಾರೆ.

ಯಜಮಾನರು ಹೊಸ ಐಪೀಸ್ ಕೊಳ್ಳಲಿಲ್ಲ. ಮಗಳ ಅಭ್ಯಾಸವನ್ನು ಬೆಳಗ್ಗೆ ಏಳಕ್ಕೆ ಬದಲಿಸಿ, ಪಟ್ಟನ್ನು 30ಕ್ಕೆ ಇಳಿಸಿದರು. "ಈಗ ಕಾಣತೈತಿ ತಂಗೀ" ಎಂದು ಫೋನಿನಲ್ಲಿ ಅವರು ಹೇಳಿದಾಗ ನನಗಾದ ಖುಷಿ ಹೇಳತೀರದು.

ಈ ಕತೆಗೊಂದು ಕೊನೆ ಇದೆ, ಅದೂ ನಮ್ಮ ನೆರೆಯಲ್ಲೇ. ಬೀದರ್ ಬಳಿಯ ದಾಮರಗಿದ್ದದವರೆಗೆ, ಮುಂದೆ ವಿದರ್ಭದ ನೆಲಕ್ಕೆ ತ್ರಿಕೋನಗಳನ್ನು ಎಳೆದು ತಂದ ಲ್ಯಾಂಬ್ಟನ್ ತನ್ನ ಕಚೇರಿಯನ್ನು ಹೈದರಾಬಾದಿನಿಂದ ನಾಗಪುರಕ್ಕೆ ಸಾಗಿಸಲು ಹೊರಟಿದ್ದ. ನಾಗಪುರ ತಲುಪಲಿಲ್ಲ. 1823ರ ಜನವರಿ 20ರಂದು, ಇಲ್ಲಿಂದ ಸುಮಾರು 75 ಕಿಲೋಮೀಟರ್ ದಕ್ಷಿಣದ ಹಿಂಗಣಘಾಟ್‌ನಲ್ಲಿ ಕಣ್ಣುಮುಚ್ಚಿದ. ಸಮಾಧಿ ಅಲ್ಲೇ ಇದೆ. ಸಹಾಯಕನ ಹೆಸರು 1865ರಲ್ಲಿ ಜಗತ್ತಿನ ಅತಿ ಎತ್ತರದ ಶಿಖರ ಏರಿತು, ಗುರುವಿನ ಹೆಸರು ಹತ್ತಿ ವ್ಯಾಪಾರದ ಊರೊಂದರಲ್ಲಿ ಮಲಗಿದೆ. ಬೆಂಗಳೂರಿನ ಕಡೆಯ ಗುರುತೂ ಉಳಿಯಲಿಲ್ಲ. 1868ರಲ್ಲಿ ಅದೇ ಸರ್ವೆಯವರು ಅಳೆದ ಇನ್ನೊಂದು ಗೆರೆಯ ತುದಿಯಲ್ಲಿ, ಹೆಣ್ಣೂರು-ಬಾಗಲೂರು ರಸ್ತೆಯ ಕಣ್ಣೂರು ಹಳ್ಳಿಯಲ್ಲಿ ನಿಂತಿದ್ದ ಗೋಪುರವನ್ನು 2024ರಲ್ಲಿ ಕೆಡವಿಬಿಟ್ಟರು.

ದೂರದ ಬೆಟ್ಟ ನುಣ್ಣಗೆ ಎನ್ನುತ್ತೇವೆ. ದೂರದ್ದನ್ನು ಇದ್ದಂತೆಯೇ ನೋಡಲು ಒಬ್ಬ ಮನುಷ್ಯ ಬೆಂಗಳೂರಿನಿಂದ ನಾಗಪುರದ ಬಾಗಿಲವರೆಗೆ ಇಪ್ಪತ್ತು ವರ್ಷ ದುಡಿದ. ನಾವು ಹತ್ತಿರದಲ್ಲೇ ಇದ್ದೂ ಅವನನ್ನು ನೋಡಲಿಲ್ಲ. ಮುಂದಿನ ರಜೆಯಲ್ಲಿ ಸೇವಾಗ್ರಾಮಕ್ಕೆ ಹೋಗುವವರು ಒಂದಿಷ್ಟು ಮುಂದೆ ಸಾಗಿ ಹಿಂಗಣಘಾಟ್‌ಗೂ ಹೋಗಿಬನ್ನಿ. ಮಕ್ಕಳನ್ನು ಕರೆದೊಯ್ಯಿರಿ, ಬೆಂಗಳೂರಿನ ಆ ಏಳೂವರೆ ಮೈಲಿಯ ಗೆರೆಯ ಕತೆ ಹೇಳಿ. ಹೋಗಿಬಂದವರು ನನಗೊಂದು ಕರೆ ಮಾಡಿ. ಭಾನುವಾರ ಬೆಳಗ್ಗೆ ನಿಮ್ಮ ಮಾತನ್ನು ಎಲ್ಲರಿಗೂ ಕೇಳಿಸುವ ಹೊಣೆ ನನ್ನದು.