ರಾಯಚೂರು ಸೀಮೆಯ ಉರ್ದು ಭೂದಾಖಲೆಗಳು: ಯಂತ್ರಕ್ಕೆ ಒಪ್ಪಿಸಬಹುದಾದ ಕೆಲಸ ಯಾವುದು?

ರಾಯಚೂರು, ಮಾನ್ವಿ, ದೇವದುರ್ಗ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಹೀಗಾಗಿ ಇಲ್ಲಿನ ಹಳೆಯ ಕಂದಾಯ ಕಡತಗಳಲ್ಲಿ ಉರ್ದು ಕೈಬರಹವೂ ಕಂದಾಯ ಲೆಕ್ಕದ ಫಸಲಿ ವರ್ಷವೂ ಸಿಗುತ್ತವೆ. 1954–55ರ ಖಾಸ್ರಾ ಪಹಣಿಯನ್ನು ಜಮೀನಿನ ಹಕ್ಕಿನ ತಕರಾರುಗಳಲ್ಲಿ ಇಂದಿಗೂ ಹುಡುಕುತ್ತಾರೆ. 2024ರಲ್ಲಿ ‘ಭೂ ಸುರಕ್ಷಾ’ ಯೋಜನೆಯಡಿ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಕಾಗದಗಳ ಸ್ಕ್ಯಾನಿಂಗ್ ಆರಂಭವಾಯಿತು. ಸ್ಕ್ಯಾನ್ ಆದ ಹಾಳೆಗಳನ್ನು ಓದುವ ಕೆಲಸದಲ್ಲಿ ಎಷ್ಟನ್ನು ಕೃತಕ ಬುದ್ಧಿಮತ್ತೆಗೆ ಬಿಡಬಹುದು ಎಂಬುದು ಈ ಟಿಪ್ಪಣಿಯ ವಿಷಯ.

ವರ್ಷದ ಲೆಕ್ಕಕ್ಕೆ ಬುದ್ಧಿಮತ್ತೆಯ ಹಂಗೇ ಬೇಡ. ಹೈದರಾಬಾದಿನ ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ. ಫಸಲಿ 1357 ಎಂದರೆ 1947–48. ಇದಕ್ಕೆ ಒಂದು ಕೋಷ್ಟಕ ಸಾಕು.

ಹೆಸರಿನ ಮಾತು ಬೇರೆ. ಉರ್ದುವಿನಲ್ಲಿ ‘ನಾಗಪ್ಪ’ ಮತ್ತು ‘ಬಾಗಪ್ಪ’ರ ಮೊದಲ ಅಕ್ಷರಕ್ಕೆ ಆಕಾರ ಒಂದೇ, ಚುಕ್ಕೆ ಮೇಲಿದ್ದರೆ ನ, ಕೆಳಗಿದ್ದರೆ ಬ. ಅವಸರದ ಶಿಕಸ್ತಾ ಬರಹದಲ್ಲಿ ಆ ಚುಕ್ಕೆಯೇ ಬಿಟ್ಟುಹೋಗುವುದುಂಟು. ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಕವಿತಾಳ, ಜಾಲಹಳ್ಳಿಯಂಥ ಊರಿನ ಹೆಸರುಗಳ ಳಕಾರಕ್ಕೆ ಉರ್ದುವಿನಲ್ಲಿ ಪ್ರತ್ಯೇಕ ಅಕ್ಷರವಿಲ್ಲ, ಲಕಾರವೇ ಗತಿ. ಊರಿನ ಹೆಸರಾದರೆ ಗ್ರಾಮಗಳ ಪಟ್ಟಿಯೊಂದಿಗೆ ತಾಳೆ ನೋಡಬಹುದು. ವ್ಯಕ್ತಿಯ ಹೆಸರಿಗೆ ಅಂಥ ಪಟ್ಟಿಯಿಲ್ಲ. ಯಂತ್ರ ಊಹಿಸಿದ ಹೆಸರು ನೋಡುವುದಕ್ಕೆ ಸರಿಯಾಗಿಯೇ ಕಾಣುತ್ತದೆ. ತಪ್ಪು ಬೆಳಕಿಗೆ ಬರುವುದು ವಾರಸಾ ಅರ್ಜಿ ಬಿದ್ದಾಗ, ಬಹುಶಃ ಆ ಹೊಲ ಮತ್ತೊಬ್ಬರಿಗೆ ಮಾರಾಟವಾದ ಮೇಲೆ.

ಆದ್ದರಿಂದ ನನ್ನ ಅಳತೆಗೋಲು ಕೆಲಸ ಎಷ್ಟು ಬೇಸರದ್ದು ಎಂಬುದಲ್ಲ. ತಪ್ಪಾದರೆ ಯಾರು, ಎಷ್ಟು ಬೇಗ ಹಿಡಿಯುತ್ತಾರೆ ಎಂಬುದು. ಗ್ರಾಮ, ಸರ್ವೆ ನಂಬರು, ವರ್ಷದ ಪ್ರಕಾರ ಹಾಳೆಗಳನ್ನು ವಿಂಗಡಿಸುವ ಕೆಲಸವನ್ನು ಯಂತ್ರಕ್ಕೆ ಧಾರಾಳವಾಗಿ ಕೊಡಬಹುದು. ತಪ್ಪು ಹಾಳೆ ಬಂದರೆ ತೆರೆದವರಿಗೆ ಬಹುಮಟ್ಟಿಗೆ ಅಲ್ಲೇ ಗೊತ್ತಾಗುತ್ತದೆ. ದೇವದುರ್ಗದ ರೈತನಿಗೆ ಕಚೇರಿಗೆ ಮತ್ತೆ ಮತ್ತೆ ಅಲೆಯುವುದು ತಪ್ಪಿದರೆ ಅದೇನು ಸಣ್ಣ ಲಾಭವಲ್ಲ.

ಇದಕ್ಕೆ ನಮ್ಮಲ್ಲೇ ಮೇಲ್ಪಂಕ್ತಿಯಿದೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ ‘ಭೂಮಿ’ ಯೋಜನೆ ಕೈಬರಹದ ಪಹಣಿಯನ್ನು ಕೊನೆಗಾಣಿಸಿತು. ಆದರೆ ತಕರಾರು ಆಲಿಸಿ ಮ್ಯುಟೇಶನ್ ತೀರ್ಮಾನಿಸುವ ಹೊಣೆಯನ್ನು ಕಂದಾಯ ಅಧಿಕಾರಿಗಳಲ್ಲೇ ಉಳಿಸಿತು.

ಉರ್ದು ಕಡತಗಳಲ್ಲಿ ಹೆಸರಿನ ಕಲಮನ್ನು ಯಂತ್ರ ಓದಿದರೂ ಅದು ಸೂಚನೆಯಾಗಿ ಮಾತ್ರ ಇರಲಿ. ಮೂಲ ಹಾಳೆಯ ಚಿತ್ರ ಪಕ್ಕದಲ್ಲೇ ಕಾಣಬೇಕು. ಸಂಶಯವಿದ್ದಲ್ಲಿ ‘ನಾಗಪ್ಪ ಅಥವಾ ಬಾಗಪ್ಪ’ ಎಂದು ಎರಡೂ ಓದನ್ನು ತೋರಿಸಬೇಕು. ಶಿಕಸ್ತಾ ಬಲ್ಲ ಇಬ್ಬರು ಬೇರೆಬೇರೆಯಾಗಿ ಓದಿ ಸಹಿ ಹಾಕುವವರೆಗೆ ಆ ಹೆಸರು ಯಾವ ದೃಢೀಕೃತ ನಕಲಿಗೂ ಹೋಗಬಾರದು.